ಮಗಳು ಮನೆಗೆ ಮರಳುವ ದಾರಿ

1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಗುಡ್ಡದ ಗುಹೆಯಲ್ಲಿರುವ ರೇಣುಕಾಂಬೆಯ ಜಾತ್ರೆಗೆ ಸಾವಿರಾರು ಜನ ಸೇರಿದ್ದರು. ವರದಾ ನದಿಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ಗುಡಿಯವರೆಗೆ ನಡೆದು ಹರಕೆ ತೀರಿಸುವ ಬೆತ್ತಲೆ ಸೇವೆ ಅಲ್ಲಿ ತಲೆಮಾರುಗಳಿಂದ ನಡೆದು ಬಂದಿತ್ತು. ಸೇವೆ ಮಾಡುವವರಲ್ಲಿ ಹೆಚ್ಚಿನವರು ಬಡವರು, ದಲಿತರು, ಹಿಂದುಳಿದ ಜಾತಿಗಳ ಹೆಂಗಸರು. ಆ ವರ್ಷ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರೂ ಇತರ ಹೋರಾಟಗಾರರೂ ಭಕ್ತರನ್ನು ತಡೆದು ತಿಳಿಹೇಳಲು ಮುಂದಾದರು. ಗುಂಪು ತಿರುಗಿಬಿತ್ತು. ಕಾರ್ಯಕರ್ತರಿಗೆ ಹೊಡೆತ ಬಿತ್ತು. ಬಂದೋಬಸ್ತಿಗೆ ನಿಂತಿದ್ದ ಪೊಲೀಸರ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು, ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಜಾತ್ರೆ ಇಂದಿಗೂ ನಡೆಯುತ್ತದೆ, ಆ ಸೇವೆ ಇಲ್ಲ.

ತಾಲ್ಲೂಕಿನ ಒಂದು ತುದಿಯಲ್ಲಿ ಚಂದ್ರಗುತ್ತಿ, ಇನ್ನೊಂದು ತುದಿಯಲ್ಲಿ ಆನವಟ್ಟಿ. ಹೆಣ್ಣುಮಕ್ಕಳನ್ನು ಮೈಮಾರಾಟದ ಜಾಲಕ್ಕೆ ಸಾಗಿಸುವ ದಂಧೆಯ ಕುರಿತು ಈ ಸೀಮೆಯಲ್ಲಿ ಮಾತಾಡುವಾಗ ಚಂದ್ರಗುತ್ತಿಯ ನೆನಪು ಬಾರದೆ ಇರದು. ಬೆತ್ತಲೆ ಸೇವೆ ಬೇರೆ, ದೇವದಾಸಿ ಪದ್ಧತಿ ಬೇರೆ, ಇವತ್ತಿನ ಮಾನವ ಕಳ್ಳಸಾಗಣೆ ಇನ್ನೂ ಬೇರೆ. ಆದರೆ ಮೂರರಲ್ಲೂ ಸಿಕ್ಕಿಬಿದ್ದವರು ಒಂದೇ ಬಗೆಯ ಮನೆಗಳ ಹೆಣ್ಣುಮಕ್ಕಳು. ಮೂರರಲ್ಲೂ ಸರ್ಕಾರ ಮಾಡಿದ ಮೊದಲ ಕೆಲಸವೂ ಒಂದೇ, ನಿಷೇಧ. ನಿಷೇಧದ ಮರುದಿನ ಆ ಹೆಂಗಸು ಎಲ್ಲಿಗೆ ಹೋದಳು, ಏನು ಉಂಡಳು, ಊರು ಅವಳನ್ನು ಹೇಗೆ ಕಂಡಿತು ಎಂಬ ವಿಚಾರಣೆ ಮಾತ್ರ ಬಹಳ ತಡವಾಗಿ ಬಂತು, ಕೆಲವೆಡೆ ಬರಲೇ ಇಲ್ಲ.

ಈ ಭಾಗದ ಕಾನೂನಿನ ಇತಿಹಾಸವೇ ಇದಕ್ಕೆ ಸಾಕ್ಷಿ. ಸ್ವಾತಂತ್ರ್ಯಪೂರ್ವದಲ್ಲಿ ಸೊರಬ, ಶಿಕಾರಿಪುರ ಮೈಸೂರು ಸಂಸ್ಥಾನದಲ್ಲಿದ್ದವು. ಆನವಟ್ಟಿಯಿಂದ ಬಡಗಣ ದಿಕ್ಕಿನ ಹಾನಗಲ್ ಸೀಮೆ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮುಂಬಯಿ ಪ್ರಾಂತ್ಯದ ದೇವದಾಸಿ ರಕ್ಷಣಾ ಕಾಯ್ದೆ ಬಂದದ್ದು 1934ರಲ್ಲಿ. ಮೈಸೂರಿನ ಆದೇಶ ಮುಟ್ಟಿದ್ದು ಸರ್ಕಾರದ ಲೆಕ್ಕಪುಸ್ತಕದಲ್ಲಿದ್ದ ಗುಡಿಗಳನ್ನು. ಎಲ್ಲಮ್ಮನ ಹೆಸರಿನಲ್ಲಿ ಹಟ್ಟಿ, ಕೇರಿಗಳಲ್ಲಿ ಮುತ್ತು ಕಟ್ಟುವ, ಬಸವಿ ಬಿಡುವ ರೂಢಿಗೆ ಸಂಬಳವೂ ಇರಲಿಲ್ಲ, ದಫ್ತರವೂ ಇರಲಿಲ್ಲ. ಹಾಗಾಗಿ ಅದು ಆದೇಶದ ಕೈಗೆ ಸಿಗದೆ ಉಳಿಯಿತು.

1982ರಲ್ಲಿ ಕರ್ನಾಟಕ ಇಡೀ ರಾಜ್ಯಕ್ಕೆ ಅನ್ವಯಿಸುವ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಿತು. ಸಮರ್ಪಣೆ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆ. ಹೆತ್ತವರೋ ಪಾಲಕರೋ ಮಾಡಿದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಆಗಲೇ ದೇವದಾಸಿಯಾಗಿದ್ದವಳ ಬದುಕಿಗೆ ಬೇಕಾದದ್ದು ಆ ಕಾಯ್ದೆಯಲ್ಲಿ ಹೆಚ್ಚೇನೂ ಇರಲಿಲ್ಲ. ಕಾಯ್ದೆಯಾಗಿ ಹತ್ತು ವರ್ಷ ಕಳೆದ ಮೇಲೆ, 1993–94ರಲ್ಲಿ, ಸರ್ಕಾರ ಸಮೀಕ್ಷೆ ನಡೆಸಿದಾಗ 22,873 ಮಹಿಳೆಯರು ಲೆಕ್ಕಕ್ಕೆ ಸಿಕ್ಕರು. 2007–08ರ ಮರುಸಮೀಕ್ಷೆಯಲ್ಲಿ ಇನ್ನೂ 23,787 ಮಂದಿ. ಎರಡೂ ಸೇರಿ 46,660. ಸಮೀಕ್ಷೆ ನಡೆದ ಹದಿನಾಲ್ಕು ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು, ಪಕ್ಕದ ಹಾವೇರಿಯೂ ಒಂದು.

ಈ ಸಂಖ್ಯೆಯ ಹಿಂದೆ ಒಂದು ದಾರಿ ಇದೆ. ಮೈನೆರೆಯುವ ಮೊದಲೇ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯ ಹಕ್ಕಿಲ್ಲ. ಊರಿನ ಅನುಕೂಲಸ್ಥನೊಬ್ಬ ಕೆಲವು ವರ್ಷ ಇಟ್ಟುಕೊಂಡು ಕೈಬಿಡುತ್ತಾನೆ. ಆಮೇಲೆ ಪರಿಚಯದ ಹಿರಿಯ ಹೆಂಗಸೊಬ್ಬಳ ಜತೆ ಸಾಂಗ್ಲಿಗೋ ಪುಣೆಗೋ ಮುಂಬೈಗೋ ಪಯಣ. ಮುಂಬೈಯ ಕಾಮಾಟಿಪುರದಲ್ಲಿ, ಸಾಂಗ್ಲಿಯ ಗಲ್ಲಿಗಳಲ್ಲಿ, ಗೋವಾದ ವಾಸ್ಕೊ ಬಳಿಯ ಬಾಯ್ನಾ ಕಡಲತೀರದಲ್ಲಿ ಕನ್ನಡ ಮಾತಾಡುವ ಹೆಂಗಸರು ಅಷ್ಟೊಂದು ಮಂದಿ ಸಿಕ್ಕಿದ್ದಕ್ಕೆ ಕಾರಣ ಇದೇ. ದೇವರ ಹೆಸರಲ್ಲಿ ಆರಂಭವಾದದ್ದು ದಲ್ಲಾಳಿಯ ಲೆಕ್ಕದಲ್ಲಿ ಮುಗಿಯುತ್ತಿತ್ತು.

ಇವತ್ತು ಮುತ್ತು ಕಟ್ಟುವುದು ಬಹಳ ಕಡಿಮೆಯಾಗಿದೆ, ನಡೆದರೂ ಗುಟ್ಟಾಗಿ ನಡೆಯುತ್ತದೆ. ದಲ್ಲಾಳಿ ಮಾತ್ರ ಕೆಲಸ ಬಿಟ್ಟಿಲ್ಲ, ಮಾತಿನ ಧಾಟಿ ಬದಲಿಸಿದ್ದಾನೆ. ಅಥವಾ ಬದಲಿಸಿದ್ದಾಳೆ ಎನ್ನಬೇಕು. ಈ ಜಾಲದಲ್ಲಿ ಹುಡುಗಿಯನ್ನು ಮನೆಯಿಂದ ಹೊರಡಿಸುವ ಮೊದಲ ಕೈ ಎಷ್ಟೋ ಸಲ ಒಬ್ಬ ಹೆಂಗಸಿನದೇ. ಸಿನಿಮಾದಲ್ಲಿ ತೋರಿಸುವ ಹಾಗೆ ವ್ಯಾನಿನಲ್ಲಿ ಬಂದು ಬಾಯಿ ಮುಚ್ಚಿ ಎತ್ತಿಕೊಂಡು ಹೋಗುವುದು ಅಪರೂಪ. ಬರುವವರು ದೂರದ ನೆಂಟರು, ಹಿಂದೆ ಇದೇ ಕೇರಿಯಲ್ಲಿದ್ದು ಪಟ್ಟಣ ಸೇರಿದವರು, ಹಬ್ಬಕ್ಕೆ ಹೊಸ ಸೀರೆಯುಟ್ಟು ಬರುವ ‘ಅಕ್ಕ’. ಬೆಂಗಳೂರಿನಲ್ಲಿ ಬ್ಯೂಟಿ ಪಾರ್ಲರ್ ಕೆಲಸವಿದೆ, ಗಾರ್ಮೆಂಟ್ಸ್‌ನಲ್ಲಿ ಆಳು ಬೇಕಂತೆ, ಗೋವಾದ ಹೋಟೆಲಿನಲ್ಲಿ ಊಟ ವಸತಿ ಕೊಟ್ಟು ಸಂಬಳ ಕೊಡುತ್ತಾರೆ. ಇಷ್ಟು ಹೇಳಿದರೆ ಸಾಕು. ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿದ ವರ್ಷ, ಶುಂಠಿಯ ದರ ಬಿದ್ದ ವರ್ಷ, ಮುಂಗಡವಾಗಿ ಕೈಗಿಡುವ ನಾಲ್ಕು ಸಾವಿರಕ್ಕೆ ಬಹಳ ಬಲ.

ಇನ್ನೊಂದು ವೇಷ ಮದುವೆಯದು. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಗುಜರಾತ್, ರಾಜಸ್ಥಾನದ ಕಡೆಗೆ ಹೀಗೆ ಮದುವೆ ಮಾಡಿಕೊಟ್ಟ ಪ್ರಕರಣಗಳು ವರ್ಷಗಳಿಂದ ವರದಿಯಾಗುತ್ತಲೇ ಇವೆ. ವರದಕ್ಷಿಣೆ ಬೇಡ, ಮದುವೆ ಖರ್ಚು ನಮ್ಮದೇ, ಮೇಲೆ ಒಂದಿಷ್ಟು ದುಡ್ಡನ್ನೂ ಕೊಡುತ್ತೇವೆ ಎನ್ನುತ್ತಾರೆ. ಹುಡುಗನ ಊರು ಯಾವುದು, ಭಾಷೆ ಯಾವುದು, ಹಿಂದೆ ಮದುವೆಯಾಗಿತ್ತೇ ಎಂದು ವಿಚಾರಿಸುವವರಿಲ್ಲ. ಮೂರು ಹೆಣ್ಣುಮಕ್ಕಳಿರುವ ಮನೆಯಲ್ಲಿ ಇಂಥ ಸಂಬಂಧ ದೇವರೇ ಕಳಿಸಿದಂತೆ ಕಾಣುತ್ತದೆ. ಹಾಗೆ ಹೋದವರಲ್ಲಿ ಬಾಳಿ ಬದುಕಿದವರೂ ಇದ್ದಾರೆ. ಒಂದು ಮನೆಯಿಂದ ಇನ್ನೊಂದಕ್ಕೆ ಕೈಬದಲಾದವರೂ ಇದ್ದಾರೆ.

ಮೂರನೆಯ ದಾರಿ ಕೈಯಲ್ಲಿರುವ ಫೋನು. ಇದು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣವನ್ನು ನೋಡಬೇಕು. 2021ರ ಮೇ ತಿಂಗಳಲ್ಲಿ ಯುವತಿಯೊಬ್ಬಳನ್ನು ಹಿಂಸಿಸುವ ವಿಡಿಯೊ ಈಶಾನ್ಯ ರಾಜ್ಯಗಳಲ್ಲಿ, ಬಾಂಗ್ಲಾದೇಶದಲ್ಲಿ ಹರಿದಾಡಿತು. ಅಸ್ಸಾಂ ಪೊಲೀಸರು ಆರೋಪಿಗಳ ಚಿತ್ರ ಪ್ರಕಟಿಸಿದರು. ಹುಡುಕುತ್ತಾ ಹೋದರೆ ಘಟನೆ ನಡೆದದ್ದು ಬೆಂಗಳೂರಿನ ರಾಮಮೂರ್ತಿನಗರದಲ್ಲಿ. ಕೆಲಸದ ಆಸೆ ತೋರಿಸಿ ಬಾಂಗ್ಲಾದೇಶದಿಂದ ಅವಳನ್ನು ಕರೆತಂದಿದ್ದರು. ಹುಡುಗಿಯರನ್ನು ಪರಿಚಯ ಮಾಡಿಕೊಳ್ಳಲು ಆ ಗುಂಪು ಬಳಸಿದ್ದು ಟಿಕ್‌ಟಾಕ್. ಒಂದೇ ವರ್ಷದಲ್ಲಿ, 2022ರ ಮೇನಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯ ಏಳು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪೊಲೀಸರು ಮನಸ್ಸಿಟ್ಟು ತನಿಖೆ ಮಾಡಿದರೆ, ಸಾಕ್ಷಿ ಹೇಳುವವಳಿಗೆ ರಕ್ಷಣೆ ಸಿಕ್ಕರೆ, ಇಂಥ ಪ್ರಕರಣ ವರ್ಷದಲ್ಲಿ ಮುಗಿಯಬಲ್ಲದು ಎಂಬುದು ಇದರಿಂದ ಖಾತ್ರಿಯಾಯಿತು. ವಿಡಿಯೊ ಹರಿದಾಡದೇ ಇದ್ದಿದ್ದರೆ ಅವಳಿಗೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಮಾತ್ರ ಎದೆ ನಡುಗುತ್ತದೆ.

ಕಾನೂನಿನ ಬಾಯಲ್ಲಿ ಈ ಅಪರಾಧ ಯಾವುದು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನ ಪ್ರಕಾರ, ಶೋಷಣೆಯ ಉದ್ದೇಶದಿಂದ ಬೆದರಿಸಿಯೋ, ಮೋಸದಿಂದಲೋ, ಆಮಿಷ ತೋರಿಸಿಯೋ, ಅಧಿಕಾರ ದುರುಪಯೋಗ ಮಾಡಿಯೋ ಒಬ್ಬರನ್ನು ಕೆಲಸಕ್ಕೆ ಸೇರಿಸುವುದು, ಸಾಗಿಸುವುದು, ಇಟ್ಟುಕೊಳ್ಳುವುದು, ಕೈಬದಲಾಯಿಸುವುದು, ಪಡೆದುಕೊಳ್ಳುವುದು ಇವೆಲ್ಲವೂ ಕಳ್ಳಸಾಗಣೆ. ಶಿಕ್ಷೆ ಏಳರಿಂದ ಹತ್ತು ವರ್ಷ. ಸಾಗಿಸಿದ್ದು ಮಗುವನ್ನಾದರೆ ಕನಿಷ್ಠ ಹತ್ತು ವರ್ಷ, ಜೀವಾವಧಿಯೂ ಆಗಬಹುದು. ಹಾಗೆ ಸಾಗಿಸಿ ತಂದವಳೆಂದು ಗೊತ್ತಿದ್ದೂ ಲೈಂಗಿಕ ಶೋಷಣೆಗೆ ಬಳಸಿಕೊಂಡವನಿಗೆ 144ನೇ ಕಲಮಿನಲ್ಲಿ ಬೇರೆ ಶಿಕ್ಷೆ ಇದೆ. ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಲೇಬೇಕು. ‘ಅವಳೇ ಒಪ್ಪಿ ಹೋಗಿದ್ದಳು’ ಎಂಬ ವಾದಕ್ಕೆ ಈ ಕಲಮಿನಲ್ಲಿ ಜಾಗವಿಲ್ಲ. ಕಳ್ಳಸಾಗಣೆ ನಡೆದಿದೆಯೇ ಎಂದು ತೀರ್ಮಾನಿಸುವಾಗ ಬಲಿಯಾದವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲವೆಂದು ಕಾನೂನು ಸ್ಪಷ್ಟವಾಗಿ ಹೇಳಿದೆ. ಬಸ್ ಹತ್ತುವಾಗ ನಕ್ಕಿದ್ದಳು, ಮನೆಯವರೇ ಕಳಿಸಿಕೊಟ್ಟಿದ್ದರು, ಮುಂಗಡ ತೆಗೆದುಕೊಂಡಿದ್ದರು. ಇದಾವುದೂ ದಲ್ಲಾಳಿಯನ್ನು ಉಳಿಸುವುದಿಲ್ಲ.

ಊರಿನ ಬಾಯಿ ಇದಕ್ಕಿಂತ ಕಟುವಾದದ್ದು. ಹುಡುಗಿ ಎರಡು ದಿನ ಕಾಣದಿದ್ದರೆ ಅಲ್ಲಿ ಬರುವ ಮೊದಲ ಮಾತು ‘ಓಡಿಹೋದಳು’. ಆ ಒಂದು ಮಾತಿಗೆ ಅಂಜಿ ಅಪ್ಪ ಅಮ್ಮ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಮೊದಲು ನೆಂಟರ ಮನೆಗಳಿಗೆ ಫೋನು, ಆಮೇಲೆ ದೇವರ ಅಪ್ಪಣೆ ಕೇಳುವುದು, ಆಮೇಲೆ ಊರ ಹಿರಿಯರ ಸಲಹೆ. ಇಷ್ಟರಲ್ಲಿ ನಾಲ್ಕೈದು ದಿನ ಹೋಗಿರುತ್ತದೆ. ಜಾಲದವರಿಗೆ ಬೇಕಾದದ್ದು ಆ ನಾಲ್ಕೈದು ದಿನಗಳೇ. ಆನವಟ್ಟಿಯಿಂದ ಹಾನಗಲ್ ದಾಟಿದರೆ ಹುಬ್ಬಳ್ಳಿಯ ದಾರಿ. ಹುಬ್ಬಳ್ಳಿ ಸೇರಿದವರಿಗೆ ರಾತ್ರಿ ಬೆಳಗಾಗುವುದರಲ್ಲಿ ಗೋವಾ, ಪುಣೆ, ಮುಂಬೈ.

ಈ ವಿಳಂಬವನ್ನು ತಪ್ಪಿಸಲು ಬೇಕಾದ ಕಾನೂನು ಆಗಲೇ ಇದೆ. ಕಾಣೆಯಾದ ಪ್ರತಿ ಮಗುವಿನ ದೂರನ್ನೂ ಎಫ್‌ಐಆರ್ ಆಗಿಯೇ ದಾಖಲಿಸಬೇಕು, ಅಪಹರಣವೋ ಕಳ್ಳಸಾಗಣೆಯೋ ಆಗಿದೆಯೆಂದು ಭಾವಿಸಿಯೇ ತನಿಖೆ ಶುರುಮಾಡಬೇಕು ಎಂದು ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಆದೇಶಿಸಿದೆ. ‘ಯಾರ ಜತೆಗೋ ಹೋಗಿರಬೇಕು, ಎರಡು ದಿನ ಕಾಯಿರಿ’ ಎಂದು ಹೇಳಿಕಳಿಸುವಂತಿಲ್ಲ. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಕಾಣೆಯಾದವಳ ಬಗ್ಗೆ ಹುಬ್ಬಳ್ಳಿಯಲ್ಲೇ ದೂರು ಕೊಡಬೇಕೆಂದೂ ಇಲ್ಲ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವ ವ್ಯವಸ್ಥೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ಅಂದರೆ ಆನವಟ್ಟಿ ಠಾಣೆಯಲ್ಲೇ ದೂರು ಬರೆಸಬಹುದು. ಮಗುವಾದರೆ 1098, ಮಹಿಳೆಯಾದರೆ 181, ತುರ್ತಾದರೆ 112. ಈ ಮೂರು ಸಂಖ್ಯೆಗಳು ಶಾಲೆಯ ಗೋಡೆಯ ಮೇಲಷ್ಟೇ ಇದ್ದರೆ ಸಾಲದು, ಹುಡುಗಿಯರಿಗೆ ಬಾಯಿಪಾಠವಾಗಿರಬೇಕು. ಫೋನನ್ನು ಮೊದಲು ಕಿತ್ತುಕೊಳ್ಳುತ್ತಾರೆ. ಆಮೇಲೆ ಉಳಿಯುವುದು ನೆನಪಿನಲ್ಲಿರುವ ಸಂಖ್ಯೆ ಮಾತ್ರ.

ಹೀಗೆ ದಾಖಲಾಗುವುದೇ ಕಡಿಮೆಯಾದ್ದರಿಂದ ಅಂಕಿಅಂಶಗಳನ್ನು ಎಚ್ಚರದಿಂದ ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಇಡೀ ದೇಶದಲ್ಲಿ ದಾಖಲಾದ ಮಾನವ ಕಳ್ಳಸಾಗಣೆ ಪ್ರಕರಣ 2,250. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಇಷ್ಟೇ ನಡೆಯಿತೆಂದು ನಂಬುವವರು ಯಾರೂ ಇರಲಾರರು. ಉಳಿದವೆಲ್ಲ ‘ಕಾಣೆ’, ‘ಮನೆಬಿಟ್ಟು ಹೋದದ್ದು’, ‘ಮದುವೆ’ ಎಂಬ ತಲೆಬರಹಗಳಡಿ ಅಡಗಿವೆ.

ಬಿಡಿಸಿ ತರುವ ಕೆಲಸದ ಬಗ್ಗೆಯೂ ನೇರವಾಗಿ ಮಾತಾಡಬೇಕಿದೆ. ಪೊಲೀಸರು ದಾಳಿ ಮಾಡಿದರು, ಇಷ್ಟು ಮಂದಿಯನ್ನು ರಕ್ಷಿಸಿದರು ಎಂದು ಸುದ್ದಿ ಬರುತ್ತದೆ. ಪಕ್ಕದಲ್ಲಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡ ಹೆಂಗಸರ ಚಿತ್ರ. ಅನೈತಿಕ ವ್ಯವಹಾರ ತಡೆ ಕಾಯ್ದೆ ಆಗಿದ್ದು 1956ರಲ್ಲಿ. ವೇಶ್ಯಾಗೃಹ ನಡೆಸುವವರನ್ನು, ದಲ್ಲಾಳಿಗಳನ್ನು ಹಿಡಿಯಲು ಅದರಲ್ಲಿ ಬಲವಾದ ಕಲಮುಗಳಿವೆ. ಆದರೆ ಬೀದಿಯಲ್ಲಿ ಗಿರಾಕಿಯನ್ನು ಕರೆದಳೆಂಬ ಎಂಟನೇ ಕಲಮನ್ನು ಹಿಡಿದು ಹೆಂಗಸರನ್ನೇ ಕಟಕಟೆಗೆ ತಂದು ನಿಲ್ಲಿಸಿದ್ದೇ ಹೆಚ್ಚು. ಮೋಸಹೋದವಳು ಆರೋಪಿಯಾದಳು. ಬಿಡಿಸಿ ತಂದವರನ್ನು ರಕ್ಷಣಾಗೃಹದಲ್ಲಿ ಒಂದರಿಂದ ಮೂರು ವರ್ಷ ಇರಿಸಲು ಅದೇ ಕಾಯ್ದೆಯ 17ನೇ ಕಲಮು ಅವಕಾಶ ಕೊಡುತ್ತದೆ. ಬೀಗ ಹಾಕಿದ ಬಾಗಿಲು, ಹೊರಗೆ ಕಾವಲುಗಾರ, ಮನೆಗೆ ಫೋನು ಮಾಡಲೂ ಅನುಮತಿ ಬೇಕು. ಇಂಥ ರಕ್ಷಣೆಯಿಂದ ತಪ್ಪಿಸಿಕೊಂಡು ಓಡಿಹೋದವರ ಸುದ್ದಿ ಬಂದಾಗ ಜನ ಬೈಯುವುದು ಅವರನ್ನೇ.

ಸಾಂಗ್ಲಿಯಲ್ಲಿ 1996ರಿಂದ ಕೆಲಸ ಮಾಡುತ್ತಿರುವ ವೇಶ್ಯಾ ಅನ್ಯಾಯ್ ಮುಕ್ತಿ ಪರಿಷತ್ತಿನಲ್ಲಿ ಕನ್ನಡ ಮಾತಾಡುವ ಮಹಿಳೆಯರು ಬಹಳ ಮಂದಿ. ಅವರ ಮಾತನ್ನು ಈ ಕಡೆಯವರು ಕೇಳಿಸಿಕೊಳ್ಳಬೇಕು. ಎಳೆಯರನ್ನು ತಂದು ತಳ್ಳುವುದನ್ನು ತಾವೇ ತಡೆಯುತ್ತೇವೆ, ಆದರೆ ವಯಸ್ಸಿಗೆ ಬಂದ ಹೆಂಗಸನ್ನು ಅವಳ ಮಾತು ಕೇಳದೆ ಎಳೆದೊಯ್ಯುವುದು ಇನ್ನೊಂದು ಹಿಂಸೆ ಎಂದು ಅವರು ವಾದಿಸುತ್ತಾರೆ. 2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಿಗೂ ಈ ವಾದಕ್ಕೂ ಹತ್ತಿರದ ನಂಟಿದೆ. ಲೈಂಗಿಕ ವೃತ್ತಿಯಲ್ಲಿರುವವರಿಗೂ ಘನತೆಯ ಬದುಕಿನ ಹಕ್ಕಿದೆ, ದಾಳಿಯ ವೇಳೆ ಅವರನ್ನು ಬಂಧಿಸಿ ಹಿಂಸಿಸಬಾರದು, ರಕ್ಷಣಾಗೃಹಗಳಲ್ಲಿ ಇಷ್ಟಕ್ಕೆ ವಿರುದ್ಧವಾಗಿ ಇಟ್ಟ ವಯಸ್ಕರನ್ನು ಗುರುತಿಸಿ ಬಿಡುಗಡೆ ಮಾಡಬೇಕು ಎಂದು ಅದು ಹೇಳಿತು. ವೇಶ್ಯಾವಾಟಿಕೆಗೆ ಬಲಿಯಾದವಳನ್ನೇ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಐದನೇ ಕಲಮಿನಡಿ ಶಿಕ್ಷಿಸಲಾಗದು ಎಂದು ಕರ್ನಾಟಕ ಹೈಕೋರ್ಟ್ ಕೂಡ ಈಚಿನ ವರ್ಷಗಳಲ್ಲಿ ಹೇಳಿದೆ. ಹದಿನೆಂಟು ತುಂಬದವರ ವಿಷಯದಲ್ಲಾದರೋ ಎರಡು ಮಾತಿಲ್ಲ. ಅವರನ್ನು ಹೊರತರಲೇಬೇಕು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು, ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಿಸಲೇಬೇಕು. ಗೊತ್ತಿದ್ದೂ ದೂರು ಕೊಡದವರಿಗೂ ಆ ಕಾಯ್ದೆಯಲ್ಲಿ ಶಿಕ್ಷೆಯಿದೆ.

ಬುಲ್ಡೋಜರಿನಿಂದ ಸಮಸ್ಯೆ ತೀರಿಸಲು ಹೊರಟ ಉದಾಹರಣೆಯೂ ಕಣ್ಣ ಮುಂದಿದೆ. 2004ರ ಮಳೆಗಾಲದಲ್ಲಿ ಗೋವಾ ಸರ್ಕಾರ ಬಾಯ್ನಾದ ಗುಡಿಸಲುಗಳನ್ನು ನೆಲಸಮ ಮಾಡಿತು. ಮೈಮಾರುವವರ ಕೋಣೆಗಳ ಜತೆಗೆ ಕರ್ನಾಟಕದಿಂದ ಕೂಲಿಗೆ ಹೋಗಿದ್ದ ಸಂಸಾರಗಳ ಮನೆಗಳೂ ಮಣ್ಣಾದವು. ದಂಧೆ ನಿಂತಿತೇ? ಒಂದೆಡೆ ಇದ್ದದ್ದು ಲಾಡ್ಜುಗಳಿಗೆ, ಬಾಡಿಗೆ ಮನೆಗಳಿಗೆ ಹರಡಿತು. ಮೊದಲು ಸಮಾಜ ಕಾರ್ಯಕರ್ತರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ಕೈಗೆ ಸಿಗುತ್ತಿದ್ದ ಹೆಂಗಸರು ಕಣ್ಮರೆಯಾದರು.

ಅದೇ ಬಾಯ್ನಾದಲ್ಲಿ ಕೆಲಸ ಆರಂಭಿಸಿದ ‘ಅರ್ಜ್’ ಸಂಸ್ಥೆ ಬೇರೊಂದು ಹಾದಿ ಹಿಡಿಯಿತು. ಹೊರಬಂದ ಹೆಂಗಸಿಗೆ ಬುದ್ಧಿಮಾತಿಗಿಂತ ಮೊದಲು ಸಂಬಳ ಬೇಕು ಎಂದು ಅದು ಅರ್ಥಮಾಡಿಕೊಂಡಿತು. ‘ಸ್ವಿಫ್ಟ್ ವಾಶ್’ ಎಂಬ ಹೆಸರಿನಲ್ಲಿ ಯಂತ್ರಗಳಿರುವ ಬಟ್ಟೆ ಒಗೆಯುವ ಘಟಕ ತೆರೆದು ಅವರನ್ನೇ ಕೆಲಸಗಾರರನ್ನಾಗಿ ಸೇರಿಸಿಕೊಂಡಿತು. ಹೊಲಿಗೆ ಕಲಿಸಿ, ಒಂದು ಯಂತ್ರ ಕೊಟ್ಟು, ಫೋಟೊ ತೆಗೆಸಿ ಮನೆಗೆ ಕಳಿಸುವ ಪುನರ್ವಸತಿಗೂ ಇದಕ್ಕೂ ಬಹಳ ವ್ಯತ್ಯಾಸ. ಹೊಲಿಗೆ ಕಲಿತ ಹತ್ತು ಮಂದಿಗೆ ಒಂದು ಹಳ್ಳಿಯಲ್ಲಿ ಎಷ್ಟು ರವಿಕೆ ಸಿಕ್ಕಾವು?

ಕರ್ನಾಟಕದ ಒಳಗೂ ಇಂಥ ಉದಾಹರಣೆಗಳಿವೆ. ಮೈಸೂರಿನಲ್ಲಿ ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ‘ಒಡನಾಡಿ’ ಮೂರು ದಶಕಗಳಿಂದ ಜಾಲದಿಂದ ಹೊರಬಂದ ಹುಡುಗಿಯರನ್ನು ಸಾಕಿ ಓದಿಸುತ್ತಿದೆ. ಅದಕ್ಕಿಂತಲೂ ಸೊರಬ, ಶಿಕಾರಿಪುರದ ಸ್ಥಿತಿಗೆ ಹತ್ತಿರವಾದದ್ದು ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ 1997ರಲ್ಲಿ ಹುಟ್ಟಿದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’, ಜನರ ಬಾಯಲ್ಲಿ ‘ಮಾಸ್’. ಅದರ ಮುಖ್ಯಸ್ಥೆ ಸೀತವ್ವ ಜೋಡಟ್ಟಿ ಏಳನೇ ವಯಸ್ಸಿನಲ್ಲಿ ದೇವದಾಸಿಯಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೈರಾಡ ಸಂಸ್ಥೆಯ ಮತ್ತು ಮಹಿಳಾ ಅಭಿವೃದ್ಧಿ ನಿಗಮದ ಆಸರೆಯಲ್ಲಿ ಆರಂಭವಾದ ಸಂಘ ಮುಂದೆ ಮಾಜಿ ದೇವದಾಸಿಯರದೇ ಆಯಿತು. ಸ್ವಸಹಾಯ ಗುಂಪು, ಉಳಿತಾಯ, ಮಕ್ಕಳ ಓದು, ಮಕ್ಕಳ ಮದುವೆ, ಎಲ್ಲಾದರೂ ಮುತ್ತು ಕಟ್ಟುವ ಸುಳಿವು ಸಿಕ್ಕರೆ ಓಡಿಹೋಗಿ ತಡೆಯುವುದು. ಹೊರಗಿನಿಂದ ಬಂದ ಅಧಿಕಾರಿ ಹೇಳಿದರೆ ಕೇಳದ ಮನೆಯವರು, ಅದೇ ನೋವುಂಡ ಹೆಂಗಸು ಬಾಗಿಲಲ್ಲಿ ಬಂದು ಕೂತಾಗ ಕೇಳಿದರು. ಚಂದ್ರಗುತ್ತಿಯಲ್ಲಿ 1986ರಲ್ಲಿ ಕೊರತೆಯಾದದ್ದು ಇದೇ ಎನ್ನಿಸುತ್ತದೆ. ಹೋರಾಟಗಾರರ ಉದ್ದೇಶ ಸರಿಯಾಗಿತ್ತು, ಧೈರ್ಯವೂ ದೊಡ್ಡದಿತ್ತು. ಆದರೆ ಹರಕೆ ಹೊತ್ತ ಹೆಂಗಸರ ಪೈಕಿಯೇ ಮುಂದೆ ನಿಂತು ‘ಬೇಡ’ ಎನ್ನುವವರು ಅಂದು ಸಾಕಷ್ಟು ಇರಲಿಲ್ಲ.

2025ರಲ್ಲಿ ರಾಜ್ಯ ವಿಧಾನಮಂಡಲ ದೇವದಾಸಿ ಪದ್ಧತಿಯ ಕುರಿತು ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ‘ಪರಿಹಾರ’, ‘ಪುನರ್ವಸತಿ’ ಎಂಬ ಪದಗಳು ಈ ಸಲ ಅದರ ಹೆಸರಿನಲ್ಲೇ ಸೇರಿವೆ. ದೇವದಾಸಿಯರ ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯಕ್ಕೆ ಅದು ತೆರೆ ಎಳೆಯುತ್ತದೆ. ಶಾಲೆಯ ಅರ್ಜಿಯಲ್ಲಿ ಖಾಲಿ ಬಿಟ್ಟ ಆ ಒಂದು ಸಾಲಿಗಾಗಿ ಎಷ್ಟು ಮಕ್ಕಳು ತರಗತಿಯಲ್ಲಿ ತಲೆತಗ್ಗಿಸಿ ಕೂತಿದ್ದಾರೋ! ಇದು ಎಂದೋ ಆಗಬೇಕಿದ್ದ ಕೆಲಸ. ಇಡೀ ದೇಶಕ್ಕೆ ಅನ್ವಯಿಸುವ ಸಮಗ್ರ ಕಳ್ಳಸಾಗಣೆ ತಡೆ ಕಾಯ್ದೆ ಮಾತ್ರ ಇನ್ನೂ ಬಂದಿಲ್ಲ. 2018ರಲ್ಲಿ ಲೋಕಸಭೆ ಒಪ್ಪಿದ ಮಸೂದೆ ರಾಜ್ಯಸಭೆಗೆ ಹೋಗುವಷ್ಟರಲ್ಲಿ ಅವಧಿ ಮುಗಿದು ಬಿದ್ದುಹೋಯಿತು.

ದೆಹಲಿಯ ಕಾಯ್ದೆಗೆ ಕಾಯದೆ ಇಲ್ಲೇ ಆಗಬಹುದಾದದ್ದೂ ಸಾಕಷ್ಟಿದೆ. ಮಹಿಳೆಯರ ಮತ್ತು ಮಕ್ಕಳ ಸಾಗಣೆ ತಡೆಯಲು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಾವಲು ಸಮಿತಿಗಳಿರಬೇಕೆಂದು ರಾಜ್ಯ ಸರ್ಕಾರ ಹೇಳಿದೆ. ಕಾಗದದ ಮೇಲೆ ಸಮಿತಿ ಇರುವ ಪಂಚಾಯಿತಿ ಬೇರೆ, ಮೂರು ತಿಂಗಳಿಗೊಮ್ಮೆ ಸಭೆ ಸೇರಿ ಮಾತಾಡುವ ಪಂಚಾಯಿತಿ ಬೇರೆ. ಆನವಟ್ಟಿ ಹೋಬಳಿಯ ಯಾವ ಊರಿನಲ್ಲೇ ಆಗಲಿ, ಯಾರ ಮನೆಯ ಹುಡುಗಿ ಶಾಲೆ ಬಿಟ್ಟಳು, ಯಾರು ಕೆಲಸಕ್ಕೆಂದು ಹೊರಗೆ ಹೋದರು, ಯಾರ ಜತೆ ಹೋದರು, ಫೋನು ಬರುತ್ತಿದೆಯೇ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ ಗೊತ್ತೇ ಇರುತ್ತದೆ. ಅವರ ಆ ತಿಳಿವಳಿಕೆಯನ್ನು ಕೇಳಿ ಬರೆದುಕೊಳ್ಳುವವರಿಲ್ಲ. ತೋಟಗಳ ಸೀಮೆಗೆ ಗುಳೆ ಹೋಗುವ ಸಂಸಾರಗಳ ಜತೆ ಹೋದ ಮಕ್ಕಳೆಷ್ಟು, ಮರಳಿದವರೆಷ್ಟು ಎಂದು ಎಣಿಸಿದರೂ ಅರ್ಧ ಕೆಲಸವಾದಂತೆ. ಬಾಲ್ಯವಿವಾಹದ ವಿಷಯದಲ್ಲಿ ಕರ್ನಾಟಕದ ಕಾನೂನು ಬೇರೆ ಬಹುತೇಕ ರಾಜ್ಯಗಳಿಗಿಂತ ಗಟ್ಟಿ. ರಾಜ್ಯದ ತಿದ್ದುಪಡಿಯ ಪ್ರಕಾರ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ‘ಮದುವೆಯಾಗಿದೆ, ಇನ್ನೇನು ಮಾಡೋಕಾಗುತ್ತೆ’ ಎಂದು ಕೈಚೆಲ್ಲಬೇಕಾಗಿಲ್ಲ.

ಇನ್ನು ಮರಳಿ ಬಂದವಳ ಮಾತು. ಹುಡುಗಿಯನ್ನು ಮನೆಗೆ ತಂದುಬಿಟ್ಟ ಮೇಲೆ ಪೊಲೀಸರ ಕಡತ ಮುಗಿಯುತ್ತದೆ, ಅವಳ ಕಷ್ಟ ಅಲ್ಲಿಂದ ಶುರುವಾಗುತ್ತದೆ. ಕೊಟ್ಟ ಮುಂಗಡ ವಾಪಸು ಕೇಳಲು ದಲ್ಲಾಳಿಯ ಕಡೆಯವರು ಬರುತ್ತಾರೆ. ತಂಗಿಯ ಮದುವೆಗೆ ಅಡ್ಡಿಯಾಗುತ್ತಾಳೆಂದು ಮನೆಯವರೇ ಗೊಣಗುತ್ತಾರೆ. ನೀರಿನ ನಲ್ಲಿಯ ಹತ್ತಿರ ಮಾತು ನಿಲ್ಲುತ್ತದೆ. ಯಾರೋ ಅವಳ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಇಂಥ ಮಗುವಿನ ಗುರುತು ಬಯಲು ಮಾಡುವುದು ಪೋಕ್ಸೊ ಕಾಯ್ದೆಯಲ್ಲೂ ಬಾಲನ್ಯಾಯ ಕಾಯ್ದೆಯಲ್ಲೂ ಅಪರಾಧವೆಂದು ಆ ಗುಂಪಿನಲ್ಲಿ ಒಬ್ಬರಾದರೂ ಹೇಳಬೇಕಲ್ಲ? ಬಿಡಿಸಿ ತಂದವರು ಮತ್ತೆ ಅದೇ ಜಾಲಕ್ಕೆ ಮರಳುವುದಕ್ಕೆ ಊರಿನ ಈ ನಡವಳಿಕೆ ದೊಡ್ಡ ಕಾರಣ. ಹೋದಾಗ ಕಾಯದ ಊರು ಬಂದಾಗ ತೀರ್ಪು ಕೊಡಲು ಕೂರುವುದು ನ್ಯಾಯವಲ್ಲ.

ದಿಕ್ಕಿಲ್ಲದವರಿಗೆ ಬಾಗಿಲು ತೆರೆದಿಡುವುದು ಈ ಸೀಮೆಗೆ ಹೊಸದೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಆ ಮಠದ ವಿದ್ಯಾದಾನವನ್ನು ಹೊಗಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕುಣಿಯುವ ಹಾಡುವ ಕಲಾವಿದರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎಂದು ಅದು ಹೇಳುತ್ತದೆ. ಯಾರು, ಯಾವ ಜಾತಿ, ಹಿಂದೆ ಏನು ಮಾಡುತ್ತಿದ್ದೆ ಎಂದು ಕೇಳಿ ಅನ್ನ ಬಡಿಸಿದ ಸೂಚನೆ ಅಲ್ಲಿಲ್ಲ. ಇವತ್ತು ಆ ಕೆಲಸವನ್ನು ಸರ್ಕಾರ ‘ಶಕ್ತಿ ಸದನ’ ಎಂಬ ಹೆಸರಿನ ವಸತಿಗೃಹಗಳಿಗೆ ವಹಿಸಿದೆ. ಮೊದಲಿದ್ದ ಸ್ವಾಧಾರ ಮತ್ತು ಉಜ್ವಲ ಯೋಜನೆಗಳನ್ನು ಸೇರಿಸಿ 2022ರಲ್ಲಿ ಇವನ್ನು ರೂಪಿಸಲಾಯಿತು. ಜಿಲ್ಲಾ ಮಟ್ಟದಲ್ಲಿ ‘ಸಖಿ’ ಕೇಂದ್ರವಿದೆ, ಅಲ್ಲಿ ವೈದ್ಯಕೀಯ ನೆರವು, ಪೊಲೀಸ್ ನೆರವು, ಆಪ್ತಸಮಾಲೋಚನೆ ಒಂದೇ ಸೂರಿನಡಿ ಸಿಗಬೇಕು. ಲೈಂಗಿಕ ವೃತ್ತಿ ಬಿಟ್ಟು ಬೇರೆ ದುಡಿಮೆ ಹಿಡಿಯಬಯಸುವವರಿಗೆ ಮಹಿಳಾ ಅಭಿವೃದ್ಧಿ ನಿಗಮದ ‘ಚೇತನ’ ಯೋಜನೆಯಲ್ಲಿ ಧನಸಹಾಯವಿದೆ.

ಹೆಚ್ಚಿನ ಮನೆಗಳಿಗೆ ಗೊತ್ತಿಲ್ಲದ ಇನ್ನೊಂದು ಹಕ್ಕು ನ್ಯಾಯಾಲಯದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ವಕೀಲರನ್ನು ಪಡೆಯಲು ಅರ್ಹರಾದವರ ಪಟ್ಟಿ ಇದೆ. ಮಾನವ ಕಳ್ಳಸಾಗಣೆಗೆ ಬಲಿಯಾದವರು, ಮಹಿಳೆಯರು, ಮಕ್ಕಳು ಆ ಪಟ್ಟಿಯಲ್ಲಿದ್ದಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಸೊರಬದಲ್ಲೂ ಶಿಕಾರಿಪುರದಲ್ಲೂ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಪರಿಹಾರಧನಕ್ಕೆ ಅರ್ಜಿ ಹಾಕಿಸುವುದೂ ಅವರ ಕೆಲಸವೇ. ಸಾಕ್ಷಿ ಹೇಳುವ ದಿನದ ಭಯಕ್ಕೂ ಒಂದು ಉಪಾಯವಿದೆ. ಮುಂಬೈಯಲ್ಲೋ ಗೋವಾದಲ್ಲೋ ನಡೆಯುವ ವಿಚಾರಣೆಗೆ ರಾತ್ರಿಯಿಡೀ ಪ್ರಯಾಣ ಮಾಡಿ, ತನ್ನನ್ನು ಮಾರಿದವನ ಎದುರಿಗೇ ನಿಲ್ಲಬೇಕೆಂದಾಗ ಎಷ್ಟೋ ಹುಡುಗಿಯರು ಹಿಂದೆಗೆದಿದ್ದಾರೆ, ಆರೋಪಿಗಳು ಖುಲಾಸೆಯಾಗಿದ್ದಾರೆ. ಕಳ್ಳಸಾಗಣೆಗೆ ಬಲಿಯಾದ ಮಕ್ಕಳು ತಮ್ಮ ಊರಿಗೆ ಹತ್ತಿರದ ನ್ಯಾಯಾಲಯದಿಂದಲೋ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿಂದಲೋ ವಿಡಿಯೊ ಮೂಲಕ ಸಾಕ್ಷಿ ನುಡಿಯುವ ಕಾರ್ಯವಿಧಾನವನ್ನು ಅನುಸರಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶಿಸಿದೆ. ಅದನ್ನು ವಿಚಾರಣಾ ನ್ಯಾಯಾಲಯದ ಗಮನಕ್ಕೆ ತರುವವರು ಬೇಕು. ಹುಡುಗಿಯ ಪರವಾಗಿ ಆ ಮನವಿಯನ್ನು ಬರೆದುಕೊಡುವ ವಕೀಲರು, ಅವಳ ಜತೆ ಆ ಕೋಣೆಯವರೆಗೆ ಬರುವ ಒಬ್ಬ ಶಿಕ್ಷಕಿಯೋ ಆಶಾ ಕಾರ್ಯಕರ್ತೆಯೋ ಪಂಚಾಯಿತಿ ಸದಸ್ಯೆಯೋ ಆನವಟ್ಟಿ, ಸೊರಬ, ಶಿಕಾರಿಪುರದಲ್ಲಿ ಸಿಕ್ಕೇ ಸಿಗುತ್ತಾರೆ. ಅವರ ಹೆಸರುಗಳನ್ನು ಕಾವಲು ಸಮಿತಿಯ ಮುಂದಿನ ಸಭೆಯಲ್ಲೇ ಬರೆದಿಟ್ಟುಕೊಳ್ಳಬಹುದು.